ಇಟಲಿಯ ಸಿಳ್ಳೂ ಖಾನಾಪುರದ ಮಣ್ಣೂ

ಕಳೆದ ಮಾಗಿಯಲ್ಲಿ ಖಾನಾಪುರ ತಾಲೂಕಿನ ಒಂದು ಊರಿನ ಜಾತ್ರೆಗೆ ಹೋಗಿದ್ದೆನು. ಊರಿನ ಹೆಸರನ್ನು ಹೇಳುವದಿಲ್ಲ. ಹೇಳಿದರೆ ಅದೊಂದೇ ಊರಿನ ತಪ್ಪೆಂದು ವಾಚಕರು ತಿಳಿದಾರು, ಅದು ಹಾಗಲ್ಲ. ರಾತ್ರಿ ಸಂಗೊಳ್ಳಿ ರಾಯಣ್ಣನ ನಾಟಕವಿತ್ತು. ಪಡದೆ ಸರಿಯಿತು. ರಾಯಣ್ಣನ ಪಾತ್ರಧಾರಿಯು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಿರಿದ ಕತ್ತಿ, ಹೀಗೆ ರಂಗಕ್ಕೆ ಬಂದನು. ನೋಡುವವರ ಎದೆ ತುಂಬಿಬರುವ ಹೊತ್ತು ಅದು. ಆ ಹೊತ್ತಿಗೆ ಸರಿಯಾಗಿ ಧ್ವನಿವರ್ಧಕದಿಂದ ಹೊರಟದ್ದೇನು? ಒಂದು ಸಿಳ್ಳು; ಅದರ ಬೆನ್ನಿಗೆ ವಿದ್ಯುತ್ ಗಿಟಾರಿನ ಟಣತ್ಕಾರ; ಅದರ ಬೆನ್ನಿಗೆ ಕಾಡುಪ್ರಾಣಿ ಊಳಿಟ್ಟಂತೆ ಎರಡು ಸ್ವರಗಳ ಕೂಗು. ಅರವತ್ತು ವರ್ಷಗಳ ಹಿಂದೆ ಇಟಲಿಯವರು ತಮ್ಮ ಚಿತ್ರವೊಂದಕ್ಕಾಗಿ ಕಟ್ಟಿದ ಸಂಗೀತವದು. ಕಿತ್ತೂರಿನ ವೀರನು ಒಮ್ಮೆಲೆ ಅಮೇರಿಕದ ದನಗಾಹಿಯಾದನು! ಮಗ್ಗುಲಲ್ಲಿ ಕುಳಿತ ಹುಡುಗರು ಚಪ್ಪಾಳೆ ತಟ್ಟಿದರು. ರಂಗದ ಬಲಬದಿಗೆ ಹಲಗೆಯವರು ಮೂವರು ತಮ್ಮ ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಅವರನ್ನು ಕರೆಯಿಸಿದ್ದು ಪಲ್ಲಕ್ಕಿಯ ಮೆರವಣಿಗೆಗೆ, ನಾಟಕಕ್ಕಲ್ಲವಂತೆ.

ಈ ಲೇಖನವನ್ನು ನನ್ನಿಂದ ಬರೆಯಿಸುತ್ತಿರುವವರು ಆ ಮೂವರು. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವೆನು. ಆ ಇಟಲಿಯ ಸಂಗೀತದ ಮೇಲೆ ನನಗೆ ದ್ವೇಷವಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಬೆಳಗಾವಿಯ ಒಂದು ಚಿತ್ರಮಂದಿರದಲ್ಲಿ ರವಿವಾರ ಮುಂಜಾನೆಯ ಆಟಕ್ಕೆ ಹೋಗಿ ಅದನ್ನು ಮೊದಲ ಸಲ ಕೇಳಿದಾಗ ಆದ ರೋಮಾಂಚವನ್ನು ಇನ್ನೂ ಮರೆತಿಲ್ಲ. ಅಂದಿನಿಂದ ಇಂದಿನ ವರೆಗೆ ಅದನ್ನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ಆದುದರಿಂದಲೇ ನನಗೆ ಸಿಟ್ಟು. ಪ್ರೀತಿಯುಳ್ಳವನಿಗೆ ಮಾತ್ರವೇ ತನ್ನ ಪ್ರೀತಿಯ ವಸ್ತುವನ್ನು ಕಂಡವರು ಹೊಲಗೆಡಿಸುವಾಗ ನೋವಾಗುವದು.

ನಮ್ಮ ಜಿಲ್ಲೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿವೆ. ಒಂದು, ನಾಟಕದ ಮಾಸ್ತರರು, ಧ್ವನಿವರ್ಧಕದವರು, ಕೈಯಂತ್ರದಲ್ಲಿ ಕಿರುಚಿತ್ರ ತೆಗೆಯುವ ತರುಣರು, ಇವರ ಪಕ್ಷ. “ಜನರಿಗೆ ಅದು ಹಿಡಿಸುತ್ತದೆ, ಹಾಕುತ್ತೇವೆ” ಎಂದು ಇವರ ವಾದ. ಎರಡನೆಯದು ಸಂಗೀತರಸಿಕರ ಪಕ್ಷ. ಗಾಯನದ ಬೈಠಕ್ಕುಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುವ ಸಂಭಾವಿತರು ಇವರು. ಚಿತ್ರಪಟದ ಸಂಗೀತವೆಂದರೆ ಇವರಿಗೆ ಗದ್ದಲ, ಅದರಲ್ಲಿಯೂ ಸಿಳ್ಳು ಹಾಕುವ ಸಂಗೀತವೆಂದರೆ ಪೋಕರಿತನ. ಈ ಎರಡೂ ಪಕ್ಷದವರ ಮೇಲೆ ನನ್ನ ಆಕ್ಷೇಪವು ಒಂದೇ: ಇಬ್ಬರೂ ಆ ಸಂಗೀತವನ್ನು ಕಿವಿಗೊಟ್ಟು ಕೇಳಿಲ್ಲ.

ಅದೇನೆಂಬುದನ್ನು ಅರಿಯದವರಿಗಾಗಿ ತುಸು ಹೇಳಬೇಕು. ಸ್ಪಾಗೆಟ್ಟಿಯೆಂದರೆ ಇಟಲಿಯವರ ಶಾವಿಗೆ. ಅಮೇರಿಕದ ಪಡುವಣ ಸೀಮೆಯ ದನಗಾಹಿಗಳ, ದರೋಡೆಗಾರರ, ಬಂದೂಕುಗಾರರ ಕತೆಗಳನ್ನು 1960ರ ದಶಕದಲ್ಲಿ ಇಟಲಿಯವರು ತಾವೇ ಚಿತ್ರಿಸತೊಡಗಿದಾಗ, ಅವನ್ನು ಹೀಯಾಳಿಸಲು ಹುಟ್ಟಿದ ಹೆಸರು ‘ಸ್ಪಾಗೆಟ್ಟಿ ವೆಸ್ಟರ್ನ್’. ನೆಲವೂ ಅಮೇರಿಕದ್ದಲ್ಲ, ಬಹುಮಟ್ಟಿಗೆ ಸ್ಪೇನ್ ದೇಶದ ಅಲ್ಮೇರಿಯಾ ಸೀಮೆಯ ಬೆಂಗಾಡು. ಇಂಥ ಚಿತ್ರಗಳಿಗೆ ಲೋಕಮಾನ್ಯತೆಯನ್ನು ತಂದವನು ಸರ್ಜಿಯೊ ಲಿಯೊನೆ ಎಂಬ ನಿರ್ದೇಶಕ. ಅವುಗಳಿಗೆ ಸಂಗೀತವನ್ನು ಕಟ್ಟಿದವನು ಎನ್ನಿಯೊ ಮೊರಿಕೊನೆ. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿ ಕಲಿತವರು. ಮೊರಿಕೊನೆ ಹುಟ್ಟಿದ್ದು 1928ರಲ್ಲಿ ರೋಮ್ ನಗರದಲ್ಲಿ. ತೀರಿಕೊಂಡದ್ದು 2020ರಲ್ಲಿ ಅದೇ ನಗರದಲ್ಲಿ. ತಂದೆ ತುತೂರಿ ಬಾರಿಸಿ ಮನೆ ನಡೆಸುತ್ತಿದ್ದನು. ಮಗನು ಅದೇ ವಾದ್ಯವನ್ನು ಸಾಂತಾ ಚೆಚಿಲಿಯಾ ಎಂಬ ಹೆಸರಾಂತ ಸಂಗೀತಶಾಲೆಯಲ್ಲಿ ಕಲಿತು, ಗೊಫ್ರೆದೊ ಪೆತ್ರಾಸ್ಸಿಯೆಂಬ ಗುರುವಿನ ಬಳಿ ರಚನಾಶಾಸ್ತ್ರವನ್ನು ಸಾಧಿಸಿದನು. ಶಾಸ್ತ್ರವನ್ನರಿಯದ ಪೋಕರಿ ಇವನಲ್ಲವೆಂಬುದನ್ನು ಮುಂದಿನ ಸಾಲಿನ ರಸಿಕರು ದಯವಿಟ್ಟು ಗಮನಿಸಬೇಕು.

1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಎಂಬ ಮೊದಲ ಚಿತ್ರವು ಬಂದಾಗ ಕೈಯಲ್ಲಿ ಹಣ ಕಡಿಮೆ. ದೊಡ್ಡ ವಾದ್ಯವೃಂದವನ್ನು ಕೂಡಿಸುವದು ಆಗದ ಮಾತು. ಆಗ ಮೊರಿಕೊನೆ ಏನು ಮಾಡಿದನು? ಬಾರುಕೋಲಿನ ಹೊಡೆತ, ಗಂಟೆಯ ನಾದ, ಕಬ್ಬಿಣದ ಮೇಲೆ ಸುತ್ತಿಗೆಯ ಪೆಟ್ಟು, ಇವನ್ನೆಲ್ಲ ಸ್ವರಗಳ ಸಾಲಿಗೆ ತಂದು ಕೂಡ್ರಿಸಿದನು. ಅಲೆಸ್ಸಾಂದ್ರೊ ಅಲೆಸ್ಸಾಂದ್ರೊನಿ ಎಂಬ ಗೆಳೆಯನಿಗೆ ಸಿಳ್ಳು ಹಾಕುವ ಅಪೂರ್ವ ಕೌಶಲವಿತ್ತು. ಅದಕ್ಕೆ ಮುಖ್ಯಗಾಯಕನ ಪದವಿಯನ್ನು ಕೊಟ್ಟನು. ಬಡತನದಿಂದ ಹುಟ್ಟಿದ ಸಂಗೀತವದು. ಇನ್ನೊಂದು ಸ್ವಾರಸ್ಯ: ಇಟಲಿಯ ಹೆಸರುಗಳನ್ನು ಕಂಡರೆ ಜನರು ಬಾರರೆಂಬ ಅಂಜಿಕೆಯಿಂದ ಆ ಚಿತ್ರದಲ್ಲಿ ಲಿಯೊನೆಯು ಬಾಬ್ ರಾಬರ್ಟ್‌ಸನ್ ಎಂದೂ ಮೊರಿಕೊನೆಯು ಡ್ಯಾನ್ ಸಾವಿಯೊ ಎಂದೂ ವೇಷ ಹಾಕಿಕೊಂಡರು. ತಮ್ಮ ಹೆಸರನ್ನು ಹೇಳಿಕೊಳ್ಳಲು ನಾಚಿಕೊಂಡದ್ದು ಅವರೂ ಉಂಟು. ಆದರೆ ಹೆಸರನ್ನು ಮುಚ್ಚಿಟ್ಟರೂ ದನಿಯನ್ನು ಮುಚ್ಚಿಡಲಿಲ್ಲ. 1965ರ ಎರಡನೆಯ ಚಿತ್ರದಲ್ಲಿ ಹಲ್ಲಿಗೆ ಕಚ್ಚಿಕೊಂಡು ಮಿಡಿಯುವ ಮೋರ್ಸಿಂಗು ಕೇಳಿಸಿತು. ಅದು ಇಟಲಿಯ ಸಿಸಿಲಿ ದ್ವೀಪದವರ ಹಳ್ಳಿಗಾಡಿನ ವಾದ್ಯ. ಆ ಚಿತ್ರದಲ್ಲಿಯೇ ಜೇಬುಗಡಿಯಾರದೊಳಗಿನ ಕಿಣಿಕಿಣಿ ನಾದವು ಎದುರಾಳಿಗಳ ಸಾವಿನ ಗಳಿಗೆಯನ್ನು ಅಳೆಯಿತು.

1966ರಲ್ಲಿ ಬಂದದ್ದು ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’. ನಾನು ಜಾತ್ರೆಯಲ್ಲಿ ಕೇಳಿದ್ದು ಇದೇ. ಊಳಿಡುವ ಆ ಎರಡು ಸ್ವರಗಳು ಮೂವರು ಪಾತ್ರಗಳಿಗೂ ಒಂದೇ. ಆದರೆ ಸಜ್ಜನನಿಗೆ ಅವನ್ನು ಕೊಳಲು ನುಡಿಯುವದು, ಕುರೂಪಿಗೆ ಮನುಷ್ಯರ ಕೊರಳು ನುಡಿಯುವದು, ದುರ್ಜನನಿಗೆ ಒಕರಿನಾ ಎಂಬ ವಾದ್ಯವು ನುಡಿಯುವದು. ಈ ಒಕರಿನಾ ಏನೆಂದು ನಮ್ಮವರು ಯಾರಾದರೂ ವಿಚಾರಿಸಿದರೋ? ಅದು ಮಣ್ಣಿನ ಕೊಳಲು. ಬೊಲೊನ್ಯಾ ಪಟ್ಟಣದ ಹತ್ತಿರ ಬುದ್ರಿಯೊ ಎಂಬ ಊರಿನಲ್ಲಿ ಜ್ಯೂಸೆಪ್ಪೆ ದೊನಾತಿ ಎಂಬ ತರುಣನು 1853ರ ಸುಮಾರಿಗೆ ಮಣ್ಣನ್ನು ಮಿದ್ದು, ತೂತು ಕೊರೆದು, ಆವಿಗೆಯಲ್ಲಿ ಸುಟ್ಟು ಮಾಡಿದ ವಾದ್ಯ. ಊರ ಮಣ್ಣು ಅಂತೂ ಲೋಕದ ಕಿವಿಯನ್ನು ಮುಟ್ಟಿತು.

ಖಾನಾಪುರದವರೇ, ಇಲ್ಲಿ ತುಸು ನಿಲ್ಲಿರಿ. ಮಣ್ಣಿನ ಕೆಲಸಕ್ಕೆ ಈ ಸೀಮೆಯಲ್ಲಿ ನಿಮ್ಮ ಊರಿಗಿಂತ ಹೆಸರಾದ ಊರು ಯಾವದು? ನಿಮ್ಮ ಮಣ್ಣಿನ ಗಡಿಗೆಗಳಿಗೂ ಹೆಂಚುಗಳಿಗೂ ಎಷ್ಟು ಬೇಡಿಕೆಯೆಂಬುದನ್ನು ನಾನು ಹೇಳಬೇಕಾಗಿಲ್ಲ. ಕುಂಬಾರಿಕೆಯನ್ನು ಕಲಿಸಲು ಖಾದಿ ಗ್ರಾಮೋದ್ಯೋಗದವರು ಕೇಂದ್ರಸಂಸ್ಥೆಯೊಂದನ್ನು ಬೇರೆಲ್ಲಿಯೂ ಅಲ್ಲ, ನಿಮ್ಮಲ್ಲಿಯೇ ಇಟ್ಟರು. ಮಣ್ಣಿನ ಕೊಳಲನ್ನು ಊದಿದ ಸಂಗೀತವನ್ನು ಮಣ್ಣಿನ ಊರಿನವರು ಪ್ಲಾಸ್ಟಿಕ್ಕಿನ ಪೆಟ್ಟಿಗೆಯಿಂದ ಕೇಳಿ ಕೈ ತಟ್ಟುವದು ಎಂಥ ವಿನೋದ! ನಾಳೆಯೇ ಕುಂಬಾರರೆಲ್ಲ ಒಕರಿನಾ ಮಾಡಲೆಂದು ನಾನು ಹೇಳುತ್ತಿಲ್ಲ. ಅದು ಇನ್ನೊಂದು ಅನುಕರಣವಾದೀತು. ಮಣ್ಣನ್ನು ತಟ್ಟಿ ನೋಡಿ ‘ಇದು ನುಡಿದೀತೇ’ ಎಂದು ಕೇಳುವ ಕಿವಿ ನಮಗಿಲ್ಲವಲ್ಲ ಎಂಬುದೇ ನನ್ನ ದುಃಖ.

ಎದುರುಪಕ್ಷದವರು ಸುಮ್ಮನಿರಲಾರರು. “ನಿಮ್ಮ ಮೊರಿಕೊನೆಯೂ ಲಿಯೊನೆಯೂ ಕಡ ತಂದವರೇ ಅಲ್ಲವೇ?” ಎಂದು ಕೇಳುವರು. ಕೇಳಲಿ, ನ್ಯಾಯವಾದ ಪ್ರಶ್ನೆ. ಲಿಯೊನೆಯ ಮೊದಲ ಚಿತ್ರದ ಕತೆ ಜಪಾನದ ಕುರೊಸಾವಾನ ‘ಯೊಜಿಂಬೊ’ದಿಂದ ಅನುಮತಿಯಿಲ್ಲದೆ ತಂದದ್ದು, ವ್ಯಾಜ್ಯವಾಗಿ ದಂಡ ತೆತ್ತರು. ಅದರ ಶೀರ್ಷಿಕೆಯ ಸಂಗೀತಕ್ಕೂ ಅಮೇರಿಕದ ವುಡಿ ಗಥ್ರಿಯ ಹಾಡೊಂದಕ್ಕೆ ಮೊರಿಕೊನೆಯೇ 1962ರಲ್ಲಿ ಕಟ್ಟಿಕೊಟ್ಟ ಹಿನ್ನೆಲೆಯು ಮೂಲವಾಯಿತು. ಅಹುದು, ಕಡ ತಂದರು. ಬೀಜವನ್ನು ಕಡ ತರುವದು ಒಕ್ಕಲಿಗನಿಗೆ ಅವಮಾನವಲ್ಲ. ಆದರೆ ಬಿತ್ತಿದ್ದು ಎಲ್ಲಿ? ಸಿಸಿಲಿಯ ಹಳ್ಳಿಗನ ಹಲ್ಲಿನಲ್ಲಿ, ಬುದ್ರಿಯೊದ ಮಣ್ಣಿನಲ್ಲಿ, ರೋಮಿನ ಗೆಳೆಯನ ತುಟಿಯಲ್ಲಿ. ನಮ್ಮ ಜಾತ್ರೆಯ ಮಾಸ್ತರರು ಪರರ ಕಣದಲ್ಲಿ ರಾಶಿಯಾದ ಕಾಳನ್ನು ಹೊತ್ತುತಂದು ‘ನಮ್ಮ ಬೆಳೆ’ ಎನ್ನುತ್ತಾರೆ. ಸಿಳ್ಳೇ ಬೇಕಾಗಿದ್ದರೆ ಕುರಿಗಳನ್ನು ತಿರುಗಿಸಲು ನಮ್ಮ ಕುರುಬರು ಹಾಕುವ ಸಿಳ್ಳಿಲ್ಲವೇ? ರಾಯಣ್ಣನು ಹುಟ್ಟಿದ ಕುಲದ ಸಿಳ್ಳದು! ಕಂಬಳಿಯನ್ನು ಹೆಗಲಿಗೆ ಹಾಕಿದ ಮಾಸ್ತರರಿಗೆ ಇದು ಹೊಳೆಯಲಿಲ್ಲ.

ಈ ರೋಗವು ಖಾನಾಪುರದ್ದಷ್ಟೇ ಅಲ್ಲ, ಹೊಸದೂ ಅಲ್ಲ. 1975ರಲ್ಲಿ ಬಂದ ‘ಶೋಲೆ’ಯನ್ನು ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ, ಕುಟುಂಬದ ಕೊಲೆಯ ಸನ್ನಿವೇಶದಲ್ಲಿ ಲಿಯೊನೆಯ 1968ರ ಚಿತ್ರದ ನೆರಳು ಎದ್ದು ಕಾಣುವದು. ರಾಹುಲದೇವ ಬರ್ಮನ್ನರು ಸಾಮಾನ್ಯರಲ್ಲ, ಅವರ ಕೆಲಸವನ್ನು ನಾನು ಅಲ್ಲಗಳೆಯಲಾರೆ. ಆದರೂ ಲೋಕವೆಲ್ಲ ಆ ಬಂಡೆಗಳನ್ನು ಕಂಡಿತು, ಬಂಡೆಗಳ ಸೀಮೆಯ ದನಿಯನ್ನು ಮಾತ್ರ ಕೇಳಲಿಲ್ಲ. ಇದಕ್ಕೆ ಪ್ರತಿಯಾಗಿ 1978ರ ‘ಒಂದಾನೊಂದು ಕಾಲದಲ್ಲಿ’ಯನ್ನು ನೆನೆಯಿರಿ. ಗಿರೀಶ ಕಾರ್ನಾಡರು ಕುರೊಸಾವಾನ ಚಿತ್ರಗಳಿಂದಲೇ ಸ್ಫೂರ್ತಿ ಪಡೆದರು, ಅಂದರೆ ಲಿಯೊನೆ ನೀರು ಸೇದಿದ ಬಾವಿಯಿಂದಲೇ ಸೇದಿದರು. ಆದರೆ ಅವರ ಬಾಡಿಗೆಯ ಬಂಟನು ಕನ್ನಡ ನೆಲದ ಬಂಟನಾಗಿಯೇ ಉಳಿದನು. ಭಾಸ್ಕರ ಚಂದಾವರಕರರ ಸಂಗೀತವೂ ಅವನಿಗೆ ದನಗಾಹಿಯ ಟೊಪ್ಪಿಗೆಯನ್ನು ತೊಡಿಸಲಿಲ್ಲ. ತೀರ ಇತ್ತೀಚೆಗೆ, 2022ರಲ್ಲಿ, ಕರಾವಳಿಯವರು ‘ಕಾಂತಾರ’ದಲ್ಲಿ ದೈವದ ಕೂಗನ್ನೇ ದೇಶಕ್ಕೆ ಕೇಳಿಸಿದರು. ಅದರ ಒಂದು ಹಾಡಿನ ಬಗೆಗೆ ಕೃತಿಚೌರ್ಯದ ವ್ಯಾಜ್ಯವು ಕೇರಳದ ನ್ಯಾಯಾಲಯಗಳನ್ನು ಹತ್ತಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಕೂಗಿನ ಮೇಲೆ ಮಾತ್ರ ಯಾರೂ ಹಕ್ಕು ಹೂಡಲಿಲ್ಲ. ಅದು ಯಾರದೆಂಬುದು ಎಲ್ಲರಿಗೂ ಗೊತ್ತಿತ್ತು.

ಬೆಳಗಾವಿ ಜಿಲ್ಲೆಗೆ ಏನು ಕೊರತೆ? ಗೋಕಾವಿಯ ಕಡೆಯ ಕರಡಿ ಮಜಲು ಮೊಳಗಿದರೆ ಎದೆಗೂಡು ಅದುರುವದು. ಗೀಗೀ ಮೇಳದ ದಪ್ಪು, ತುಂತುಣಿಗಳಿವೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವಿದೆ. ಗೆಳೆತನ, ದ್ರೋಹ, ಕೊಲೆಗಳಿಂದ ಕೂಡಿದ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ನೆಲದಲ್ಲಿ ಹುಟ್ಟಿದ್ದು. ಯಾವ ಇಟಲಿಯ ಚಿತ್ರದ ಕತೆ ಅದಕ್ಕಿಂತ ಹೆಚ್ಚು ಕಟುವಾದದ್ದು? ಇವೆಲ್ಲವುಗಳಿಗಿಂತ ನನಗೆ ಹೆಚ್ಚು ಕಾಡುವದು ಚೌಡಕಿ. ಮರದ ಒಡಲು, ಅದರ ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಕೋಲಿನ ತುದಿಗೆ ಕಟ್ಟಿದ ಒಂದೇ ಒಂದು ತಂತಿ. ಮಿಡಿದರೆ ನಾದವೂ ಹೌದು, ತಾಳವೂ ಹೌದು. ತಂತಿಯನ್ನು ಬಿಗಿಹಿಡಿದು ಸಡಿಲಿಸಿದಂತೆ ಸ್ವರವು ಏರುತ್ತ ಇಳಿಯುತ್ತ ಮಾತನಾಡಿಸಿದಂತಾಗುವದು. ಮೋರ್ಸಿಂಗಿನ ಮಿಡಿತವನ್ನು ಕೇಳಿ ಬೆರಗಾಗುವವರು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿವೆಯ ರಾತ್ರಿ ಒಂದು ಗಳಿಗೆ ಕುಳಿತು ನೋಡಲಿ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವುಂಟು. ಅದನ್ನು ಹಾರಿಸಿ ಹೋಗಲಾರೆ. ಚೌಡಕಿಯು ದೇವದಾಸಿಯರ ಕೈಯ ವಾದ್ಯ. ಅದನ್ನು ಕೊಂಡಾಡುವದೆಂದರೆ ಆ ಕ್ರೂರ ಪದ್ಧತಿಯನ್ನೇ ಕೊಂಡಾಡಿದಂತೆ ಎಂದು ಸುಧಾರಕರಾದ ಗೆಳೆಯರೊಬ್ಬರು ನನ್ನನ್ನು ಗದರಿಸಿದರು. ಅವರ ಸಿಟ್ಟಿಗೆ ನಾನು ತಲೆಬಾಗುವೆನು. 1982ರಲ್ಲಿ ಶಾಸನವಾಗಿ ಮುತ್ತು ಕಟ್ಟುವ ಪದ್ಧತಿಯು ನಿಷಿದ್ಧವಾದದ್ದು ಬಹಳ ತಡವಾಗಿ ಆದ ನ್ಯಾಯ. ಆದರೆ ಪದ್ಧತಿಯ ಪಾಪವನ್ನು ತಂತಿಯ ಮೇಲೆ ಹೊರಿಸುವದು, ಬಾರಿಸುವ ಮುದುಕಿಯ ಹೊಟ್ಟೆಯ ಮೇಲೆ ಹೊಡೆಯುವದು ಯಾವ ನ್ಯಾಯ? ಚೌಡಕಿಯ ವಿದ್ಯೆಯನ್ನು ಶಾಲೆಯ ಹುಡುಗ ಹುಡುಗಿಯರು ಕಲಿತರೆ ಅದು ವಾದ್ಯವಾಗಿ ಬದುಕುವದು. ಜೋಗತಿ ಕಲಾವಿದೆ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ದಿಲ್ಲಿಯವರು ಗುರುತಿಸಿದ ಕಲೆಯ ದನಿಗೆ ನಮ್ಮ ನಾಟಕದ ಪಡದೆಯ ಹಿಂದೆ ಇನ್ನೂ ಜಾಗವಿಲ್ಲ. ಹಲಗೆಯದೂ ಇದೇ ಗತಿ. ಅದನ್ನು ಬಾರಿಸುವವರು ಯಾವ ಕೇರಿಯವರೆಂಬುದು ಎಲ್ಲರಿಗೂ ಗೊತ್ತು. ಮೆರವಣಿಗೆಯಲ್ಲಿ ಹಲಗೆ ಬೇಕು, ರಂಗದ ಮೇಲೆ ಬೇಡವೆಂಬಲ್ಲಿ ಸಂಗೀತದ ಅಭಿರುಚಿಯ ಮಾತು ಎಷ್ಟು, ಬೇರೆ ಮಾತು ಎಷ್ಟು ಎಂಬುದನ್ನು ಪಂಚರು ತಮ್ಮ ಮನಸ್ಸನ್ನು ತಾವೇ ಕೇಳಿಕೊಳ್ಳಲಿ.

ಇನ್ನು ಮುಂದಿನ ಸಾಲಿನ ರಸಿಕರು. ಇವರಿಗೆ ನಾನು ಹೇಳುವದು ಅವರಿಗೇ ಪ್ರಿಯವಾದ ಒಂದು ಹೆಸರು. ಬೆಳಗಾವಿಯಿಂದ ಕೂಗಳತೆಯಲ್ಲಿರುವ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಯವರೇ ಕುಮಾರಗಂಧರ್ವರು. ಕ್ಷಯರೋಗವು ಅಂಟಿ, 1948ರ ಸುಮಾರಿಗೆ ಹವೆಗಾಗಿ ಮಾಳವದ ದೇವಾಸ ಊರನ್ನು ಸೇರಿ, ವರ್ಷಗಟ್ಟಲೆ ಹಾಡಲಾಗದೆ ಹಾಸಿಗೆ ಹಿಡಿದರು. ಆ ಹಾಸಿಗೆಯಲ್ಲಿ ಅವರು ಮಾಡಿದ್ದೇನು? ಸುತ್ತಿನ ಹಳ್ಳಿಗರ ಹಾಡುಗಳನ್ನು ಕೇಳಿದರು. ಮುಂದೆ ಎದ್ದು ಹಾಡಿದಾಗ ಆ ಹಳ್ಳಿಯ ಮಟ್ಟುಗಳಿಂದ ಹೊಸ ರಾಗಗಳನ್ನೇ ತೆಗೆದು ತೋರಿಸಿದರು. ಹತ್ತಿರದ ದನಿಯನ್ನು ಕೇಳುವ ಕಿವಿ ರೋಮಿನ ಮೊರಿಕೊನೆಗೂ ಸುಳೇಭಾವಿಯ ಕುಮಾರರಿಗೂ ಒಂದೇ ಬಗೆಯದಾಗಿತ್ತು. ಅವರ ಭಾವಚಿತ್ರಕ್ಕೆ ಹಾರ ಹಾಕುವ ರಸಿಕರು ಖಾನಾಪುರದ ನಟ್ಟಿಯ ಹೆಣ್ಣುಮಕ್ಕಳ ಹಾಡನ್ನು ಕೇಳಲು ಎಷ್ಟು ಸಲ ಗದ್ದೆಯ ಬದುವಿನ ಮೇಲೆ ನಿಂತಿರುವರು? ಆ ಹಾಡು ಕನ್ನಡದ್ದೋ ಮರಾಠಿಯದೋ ಎಂದು ಜಗಳವಾಡಲು ಮಾತ್ರ ನಮಗೆ ಪುರುಸೊತ್ತುಂಟು.

“ವಾದ್ಯದವರನ್ನು ಕರೆಯಿಸಿದರೆ ಖರ್ಚು” ಎಂಬ ನೆವಕ್ಕೆ ಉತ್ತರವನ್ನು ಆಗಲೇ ಹೇಳಿಯಾಗಿದೆ. ಮೊರಿಕೊನೆಯ ಸಿಳ್ಳು ಹುಟ್ಟಿದ್ದೇ ಖರ್ಚಿನ ಅಂಜಿಕೆಯಿಂದ. ಇಷ್ಟಕ್ಕೂ ಧ್ವನಿವರ್ಧಕದವನು ಪುಕ್ಕಟೆ ಬರುವನೇ?

ಆ ಇಟಲಿಯವರಿಂದ ಕಲಿಯತಕ್ಕ ಇನ್ನೊಂದು ಪಾಠವನ್ನು ನಾನು ಬಹು ದಿನ ಅರಿತಿರಲಿಲ್ಲ. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರವು ಒಂದು ರೈಲುನಿಲ್ದಾಣದಲ್ಲಿ ತೊಡಗುವದು. ಮೂವರು ಹಂತಕರು ಗಾಡಿಯ ದಾರಿ ಕಾಯುತ್ತಿರುವರು. ಎಷ್ಟೋ ನಿಮಿಷಗಳ ವರೆಗೆ ಅಲ್ಲಿ ವಾದ್ಯಗಳ ಸಂಗೀತವಿಲ್ಲ. ಗಾಳಿಯಂತ್ರದ ಕಿರ್ರೆಂಬ ಸದ್ದು, ಟೊಪ್ಪಿಗೆಯ ಮೇಲೆ ತೊಟ್ಟಿಕ್ಕುವ ನೀರು, ಒಬ್ಬನ ಗಡ್ಡದ ಸುತ್ತ ಗುಂಯ್‌ಗುಡುವ ನೊಣ. ಮೊರಿಕೊನೆಯಂಥವನು ಕೈಯಲ್ಲಿದ್ದೂ ಲಿಯೊನೆ ಅವನ ವಾದ್ಯಗಳನ್ನು ಅಲ್ಲಿ ಮೂಕವಾಗಿಸಿದನು. ಮೊರಿಕೊನೆಯೂ ಅದಕ್ಕೆ ಒಪ್ಪಿದನು. ಅದನ್ನು ನೋಡಿದ ಮೇಲೆ ನನಗೆ ಲೋಂಡಾ ನಿಲ್ದಾಣವು ಬೇರೆಯಾಗಿ ಕೇಳಿಸತೊಡಗಿತು. ಮಳೆಗಾಲದ ನಡುರಾತ್ರಿ, ಹೆಂಚಿನ ಮೇಲೆ ಮಳೆ, ದೂರದಲ್ಲಿ ಘಟ್ಟವನ್ನೇರುವ ಇಂಜಿನ್ನಿನ ಏದುಸಿರು, ಕಪ್ಪೆಗಳು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗುವ ಮುಂಚೆ ಗೋವೆಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವವರಿಗೆ ಲೋಂಡಾ, ಖಾನಾಪುರ, ಬೆಳಗಾವಿಗಳೇ ದಾರಿ. ಮುಂಬಯಿಯ ಚಿತ್ರಸಂಗೀತಕ್ಕೆ ಬೆನ್ನೆಲುಬಾದ ಗೋವೆಯ ಪಿಟೀಲುಗಾರರೂ ತುತೂರಿಯವರೂ ಎಷ್ಟೋ ಜನರು ಈ ನಿಲ್ದಾಣದಲ್ಲಿ ಚಹಾ ಕುಡಿದು ಹೋಗಿರಬೇಕು.

ಜಾತ್ರೆಯ ನಾಟಕಕ್ಕೆ ತಿರುಗಿ ಬರುವೆನು. ಕೊನೆಯ ಅಂಕ. ನಂದಗಡ, 1831ರ ಜನವರಿ 26. ಆಲದ ಗಿಡ, ನೇಣು. ಆಗಲೂ ಅದೇ ಸಿಳ್ಳು ಬಂದಿತು, ಈ ಸಲ ಇನ್ನೂ ಜೋರಾಗಿ. ಅಲ್ಲಿಂದ ಕೆಲವೇ ಹರದಾರಿಯ ಮೇಲೆ ಆತನ ಸಮಾಧಿಯ ಮೇಲಿನ ಆಲವು ಕತ್ತಲಲ್ಲಿ ನಿಂತಿದೆಯೆಂಬುದನ್ನು ನೆನೆದು ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎದ್ದು ಹಲಗೆಯವರ ಬಳಿ ಹೋದೆನು. ಅವರು ಜೋಳದ ದಂಟಿನ ಬೆಂಕಿಗೆ ಹಲಗೆ ಕಾಯಿಸುತ್ತಿದ್ದರು. ಬೆಳಗಿನ ಪಲ್ಲಕ್ಕಿಗೆ ಸಿದ್ಧತೆ. ಹಿರಿಯನನ್ನು ಕೇಳಿದೆನು: “ಯಜಮಾನ್ರ, ರಾಯಣ್ಣ ರಂಗಕ್ಕ ಬರೂ ಮುಂದ ನಿಮಗ ಬಾರಸಂದ್ರ ಏನ್ ಬಾರಸ್ತಿದ್ರಿ?”

ಆತನು ನನ್ನನ್ನು ಮೇಲಿಂದ ಕೆಳಗೆ ನೋಡಿದನು. “ಕುದುರಿ ಮ್ಯಾಲ ಬರ್ತಾನೇನ್ರೀ, ನಡಕೋತ ಬರ್ತಾನ್ರೀ? ಎರಡಕ್ಕೂ ಬ್ಯಾರೆ ಬ್ಯಾರೆ ಬಡಿತ ಅದಾವ್ರಿ.” ಎರಡನ್ನೂ ಬೆರಳ ತುದಿಯಿಂದಲೇ ಮೆಲ್ಲಗೆ ನುಡಿಸಿ ತೋರಿಸಿದನು. ಮೊದಲನೆಯದರಲ್ಲಿ ಗೊರಸುಗಳು ಕೇಳಿಸಿದವು. ಎರಡನೆಯದರಲ್ಲಿ ಆಳು ಒಬ್ಬನೇ, ಆದರೆ ಹಿಂದೆ ಮಂದಿಯಿದ್ದಂತೆ.

“ಮತ್ತ ಗಲ್ಲಿಗೆ ಹಾಕೂ ಮುಂದ?”

“ಆವಾಗ ಬಾರಸೂದಿಲ್ರೀ” ಎಂದು ಹೇಳಿ ಆತನು ಹಲಗೆಯನ್ನು ಮತ್ತೆ ಬೆಂಕಿಗೆ ಹಿಡಿದನು.